ಕೊನೆಯ ನಿಲ್ದಾಣದ ಮೇಲಿನ ಮನೆ

ಭಾಷಾಶಾಲೆಯ ಹಾಸ್ಟೆಲ್ಲಿನಲ್ಲಿ ಮೊದಲ ಆರು ತಿಂಗಳು ಮಾತ್ರ ಇರಲು ಬಿಡುತ್ತಿದ್ದರು. ಆಮೇಲೆ ಹೊಸ ತಂಡ ಬರುತ್ತದೆ, ಹಳಬರು ತಮ್ಮ ದಾರಿ ತಾವು ನೋಡಿಕೊಳ್ಳಬೇಕು. ಈ ಮಾತನ್ನು ಕಚೇರಿಯ ಕುಸುಮೊತೊ-ಸಾನ್ ನಾವು ಸೇರಿದ ದಿನವೇ ಹೇಳಿದ್ದರು. ಆದರೆ ಆಗ ನಮಗೆ ಬರುತ್ತಿದ್ದ ಅಷ್ಟಿಷ್ಟು ಜಪಾನಿ ಭಾಷೆಯಲ್ಲಿ ಅದು ಸ್ವಾಗತದ ಮಾತಿನಂತೆ ಕೇಳಿಸಿತ್ತು. ಎಲ್ಲರೂ ತಲೆಬಾಗಿ ವಂದನೆ ಹೇಳಿದ್ದೆವು. ಫೆಬ್ರವರಿಯಲ್ಲಿ ಅದೇ ಮಾತನ್ನು ಅವರು ಮತ್ತೆ ಹೇಳಿದಾಗ ಚೆನ್ನಾಗಿ ಅರ್ಥವಾಯಿತು. ಮಾರ್ಚ್ ಮುಗಿಯುವುದರೊಳಗೆ ನಮಗೊಂದು ಸೂರು ಬೇಕಿತ್ತು.

ನನ್ನ ಹೆಸರು ಇಂದ್ರೇಣಿ, ನೇಪಾಳದ ಪಾಲ್ಪಾ ಕಡೆಯವಳು. ಆಗ ನನಗೆ ಇಪ್ಪತ್ತೊಂದು. ಕೋಣೆಯಲ್ಲಿ ನಾವು ನಾಲ್ವರು: ಇಬ್ಬರು ವಿಯೆಟ್ನಾಮಿನ ಹುಡುಗಿಯರು, ನಾನು, ಮತ್ತೆ ಮಂಗೋಲಿಯಾದ ಸರಂಗೆರೆಲ್. ಅವಳಿಗೆ ನಲವತ್ತು ದಾಟಿತ್ತು. ಮೊದಲ ದಿನ ಅವಳು ಒಳಗೆ ಬಂದಾಗ ವಾರ್ಡನ್ ಇರಬೇಕೆಂದು ನಾವು ಮೂವರೂ ಎದ್ದು ನಿಂತಿದ್ದೆವು. ಅವಳು ನಮ್ಮನ್ನೊಮ್ಮೆ ನೋಡಿ, ಖಾಲಿ ಉಳಿದಿದ್ದ ಮೇಲಿನ ಮಂಚವನ್ನು ನೋಡಿ, ಚೀಲವನ್ನು ಅಲ್ಲಿಗೆ ಎಸೆದು ಏಣಿಯ ಮೇಲೆ ಕಾಲಿಟ್ಟಳು. ಏಣಿ ನರಳಿತು. ಮಂಚ ಮುರಿದರೆ ಕೆಳಗಿರುವವರು ಯಾರು ಎಂದು ಕೈಸನ್ನೆಯಲ್ಲಿ ಕೇಳಿದಳು. ಕೆಳಗಿದ್ದವಳು ನಾನು. ಅಂದಿನಿಂದ ಅವಳು ನನಗೆ ಸರನ್ ದೀದಿ.

ದೀದಿ ತನ್ನ ಊರಿನಲ್ಲಿ ದೂರದ ಬಸ್ಸು ಓಡಿಸುತ್ತಿದ್ದವಳು. ಉಲಾನ್‌ಬಾತರ್‌ನಿಂದ ಪಶ್ಚಿಮದ ಖೋವ್ದ್ ಪಟ್ಟಣಕ್ಕೆ, ಇಬ್ಬರು ಚಾಲಕರು ಸರದಿಯ ಮೇಲೆ ಹಗಲು ರಾತ್ರಿ ಓಡಿಸಬೇಕಾದ ದಾರಿ ಅದು. ಅವಳ ಮಗಳು ಅಲ್ಲೇ ಕಾಲೇಜಿನಲ್ಲಿ ಓದುತ್ತಿದ್ದಳು. ಗಂಡನ ಮಾತು ಬಂದರೆ, "ಆ ನಿಲ್ದಾಣದಲ್ಲಿ ಅವನು ಇಳಿದು ಬಹಳ ಕಾಲ ಆಯ್ತು," ಎಂದು ಅಷ್ಟಕ್ಕೇ ಮುಗಿಸುತ್ತಿದ್ದಳು. ಜಪಾನಿನಲ್ಲಿ ಬಸ್ಸಿಗೆ ಚಾಲಕರೇ ಸಿಗುತ್ತಿಲ್ಲ, ಹೊರದೇಶದವರನ್ನೂ ತೆಗೆದುಕೊಳ್ಳುವಂತೆ ಕಾನೂನು ಬದಲಾಗಿದೆ ಎಂದು ಕೇಳಿ, ಭಾಷೆ ಕಲಿಯಲು ನಾಗಸಾಕಿಗೆ ಬಂದಿದ್ದಳು. ಮೊದಲು ಭಾಷೆಯ ಪರೀಕ್ಷೆ, ಆಮೇಲೆ ಇಲ್ಲಿನ ಲೈಸೆನ್ಸ್, ಆಮೇಲೆ ಪ್ರಯಾಣಿಕರನ್ನು ಕೂರಿಸಿಕೊಳ್ಳಲು ಬೇಕಾದ ಇನ್ನೊಂದು ಲೈಸೆನ್ಸ್. ಇಷ್ಟೂ ಆಗುತ್ತದೆಯೇ ಎಂದು ಯಾರಾದರೂ ಕೇಳಿದರೆ, "ಆಗದೆ ಏನು?" ಎನ್ನುತ್ತಿದ್ದಳು. ನಮ್ಮಿಬ್ಬರ ಮಾತು ಹರಕುಮುರುಕು ಜಪಾನಿಯಲ್ಲೇ ನಡೆಯುತ್ತಿತ್ತು. ನನ್ನ ಜಪಾನಿ ಅವಳಿಗಿಂತ ವಾಸಿ ಇತ್ತು, ಅವಳ ಧೈರ್ಯ ನನಗಿಂತ ಎಷ್ಟೋ ಪಾಲು ವಾಸಿ ಇತ್ತು. ಇಬ್ಬರೂ ಸೇರಿ ಒಂದು ಮನೆ ಹುಡುಕುವುದೆಂದು ತೀರ್ಮಾನವಾಯಿತು.

ಮೊದಲು ಎಲ್ಲರಂತೆ ಮನೆ ತೋರಿಸುವ ಏಜೆಂಟರ ಬಳಿ ಹೋದೆವು. ರೈಲು ನಿಲ್ದಾಣದ ಹತ್ತಿರದ ಅಂಗಡಿ. ಗಾಜಿನ ತುಂಬಾ ಮನೆಗಳ ನಕ್ಷೆ ಅಂಟಿಸಿದ್ದರು. ಒಳಗಿದ್ದ ಯುವಕ ಬಹಳ ಮರ್ಯಾದೆಯವನು. ಚಹಾ ಕೊಟ್ಟ. ನಾವು ಬೆರಳಿಟ್ಟು ತೋರಿಸಿದ ಮನೆಗಳ ಮಾಲೀಕರಿಗೆ ನಮ್ಮೆದುರೇ ಫೋನ್ ಮಾಡಿದ. ಫೋನಿನಲ್ಲಿ ಕಾಣದ ಆ ಮಾಲೀಕರಿಗೂ ತಲೆಬಾಗಿ ಬಾಗಿ ಮಾತಾಡಿದ. ಪ್ರತಿ ಸಲವೂ "ಹೊರದೇಶದವರು" ಎಂಬ ಪದ ಬಂದ ಮೇಲೆ ಅವನ ದನಿ ಇಳಿಯುತ್ತಿತ್ತು. ಫೋನ್ ಇಟ್ಟು, ಹಲ್ಲಿನ ನಡುವೆ ಗಾಳಿ ಎಳೆದುಕೊಂಡು, "ಕ್ಷಮಿಸಿ, ಸ್ವಲ್ಪ ಕಷ್ಟ," ಎನ್ನುತ್ತಿದ್ದ.

"ಸ್ವಲ್ಪ ಕಷ್ಟ ಅಂದ್ರೆ ಎಷ್ಟು ಕಷ್ಟ?" ಎಂದು ದೀದಿ ಕೇಳಿದಳು.

ಅವನು ನನ್ನ ಮುಖ ನೋಡಿದ. ನಾನು, "ಆಗಲ್ಲ ಅಂತ ಅರ್ಥ, ದೀದಿ," ಎಂದೆ.

"ಹಾಗಾದ್ರೆ ಆಗಲ್ಲ ಅಂತ್ಲೇ ಹೇಳ್ಬಹುದಲ್ಲ. ನಾವೇನು ಅತ್ತುಬಿಡ್ತೀವಾ?"

ಇನ್ನೂ ಎರಡು ಅಂಗಡಿಗಳಲ್ಲಿ ಇದೇ ಆಯಿತು. ಒಂದು ಕಡೆ ಒಬ್ಬ ಮಾಲೀಕ ಒಪ್ಪಿದ; ಆದರೆ ಒಬ್ಬರಿಗೆ ಮಾತ್ರ, ಇಬ್ಬರಿಗಿಲ್ಲ, ಅಕ್ಕತಂಗಿಯರಾಗಿದ್ದರೆ ನೋಡಬಹುದು ಎಂದ. ದೀದಿ ನನ್ನ ಹೆಗಲ ಮೇಲೆ ಕೈಹಾಕಿ, "ಇವಳು ನನ್ನ ತಂಗಿ," ಎಂದಳು. ಏಜೆಂಟ್ ನಮ್ಮ ಗುರುತಿನ ಚೀಟಿಗಳನ್ನು ನೋಡಿ, ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಹಿಡಿದ. ಹೊರಗೆ ಬಂದಾಗ ನನಗೆ ಅಳು ಬರುವಂತಿತ್ತು. ದೀದಿ ಮಾತ್ರ ತಲೆಯೆತ್ತಿ ಊರಿನ ಸುತ್ತ ನಿಂತಿದ್ದ ಗುಡ್ಡಗಳನ್ನು ನೋಡುತ್ತಿದ್ದಳು.

"ಅಲ್ಲಿ ನೋಡು. ಎಷ್ಟು ಮನೆ ಕಿಟಕಿ ಮುಚ್ಚಿವೆ," ಎಂದಳು. "ಮನೆ ಇಲ್ಲ ಅನ್ನೋ ಮಾತು ಸುಳ್ಳು. ನಾವು ಕೇಳ್ತಾ ಇರೋ ಜಾಗ ಸರಿ ಇಲ್ಲ, ಅಷ್ಟೆ."

ಅವಳಿಗೊಂದು ಅಭ್ಯಾಸವಿತ್ತು. ಭಾನುವಾರ ಬಂತೆಂದರೆ ಯಾವುದಾದರೂ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬರುವುದು. ಚಾಲಕನ ಹಿಂದಿನ ಸೀಟೇ ಆಗಬೇಕು. ಅವನ ಕೈ, ಕನ್ನಡಿ, ತಿರುವಿನಲ್ಲಿ ಅವನು ವೇಗ ಇಳಿಸುವ ಬಗೆ, ಎಲ್ಲವನ್ನೂ ನೋಡುತ್ತಾ ಕೂರುತ್ತಿದ್ದಳು. ಆ ಭಾನುವಾರ ನನ್ನನ್ನೂ ಎಳೆದುಕೊಂಡು ಹೋದಳು.

ನಾವು ಹತ್ತಿದ ಬಸ್ಸು ಬಂದರನ್ನು ಬೆನ್ನಿಗೆ ಹಾಕಿ ಗುಡ್ಡ ಏರತೊಡಗಿತು. ರಸ್ತೆ ಎಷ್ಟು ಇಕ್ಕಟ್ಟೆಂದರೆ ತಿರುವಿನಲ್ಲಿ ಯಾರದೋ ಮನೆಯ ಒಣಹಾಕಿದ ಬಟ್ಟೆ ಕಿಟಕಿಗೆ ತಾಗಿದಂತಾಗುತ್ತಿತ್ತು. ದೀದಿ ಸೀಟಿನ ಅಂಚಿಗೆ ಬಂದು ಕೂತಿದ್ದಳು. ಇಳಿಯುವವರೆಲ್ಲ ವಯಸ್ಸಾದವರು, ಕೊನೆಯ ನಿಲ್ದಾಣಕ್ಕೆ ಬಂದಾಗ ಉಳಿದವರು ನಾವಿಬ್ಬರೇ. ಅಲ್ಲಿಂದ ಮೇಲೆ ರಸ್ತೆ ಇರಲಿಲ್ಲ, ಮೆಟ್ಟಿಲು ಮಾತ್ರ. ಮೆಟ್ಟಿಲ ಎರಡೂ ಕಡೆ ಮನೆಗಳು, ಮೂರಕ್ಕೆ ಎರಡರ ಬಾಗಿಲು ಮುಚ್ಚಿದ್ದವು. ಒಂದರ ಮಾಡು ಕುಸಿದು ಒಳಗಿನಿಂದ ಬಿದಿರು ಎದ್ದಿತ್ತು.

ನಾವು ಹತ್ತುತ್ತಿದ್ದಾಗ ಮೇಲಿನಿಂದ ಒಬ್ಬ ಮುದುಕಿ ಇಳಿದು ಬಂದಳು. ಕುಳ್ಳಗೆ, ಸೊಂಟಕ್ಕೆ ಏಪ್ರನ್, ಕೈಯಲ್ಲಿ ಖಾಲಿ ಸೀಮೆಎಣ್ಣೆ ಡಬ್ಬ. ನಮ್ಮನ್ನು ಕಂಡು ಮೆಟ್ಟಿಲ ನಡುವೆಯೇ ನಿಂತಳು. ಗುಡ್ಡದ ಮೇಲಿನವರ ಮಾತು ನಮ್ಮ ಶಾಲೆಯಲ್ಲಿ ಕಲಿಸುವ ಮಾತಲ್ಲ, ಗಡುಸು, ನೇರ. ಬಿಡುವಿನ ವೇಳೆ ಹೋಟೆಲೊಂದರ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಾ ಅಲ್ಲಿನ ಹೆಂಗಸರಿಂದ ನಾನು ಅದನ್ನು ಕಲಿತಿದ್ದೆ.

"ಧರ್ಮ ಹೇಳಾಕ ಬಂದೀರೇನು?" ಎಂದಳು ಮುದುಕಿ. "ನಮ್ಮನ್ಯಾಗ ಬುದ್ಧ ಅದಾನ. ಅವನೊಬ್ಬ ಸಾಕು, ಅವನಿಗೇ ದಿನಾ ಅನ್ನ ಇಡಾಕ ನಂಗ ಬ್ಯಾಸರ."

"ಇಲ್ಲಜ್ಜಿ, ನಾವು ಓದೋರು. ಬಾಡಿಗೆಗೆ ಮನೆ ಹುಡುಕ್ತಿದ್ದೀವಿ," ಎಂದೆ.

"ಇಲ್ಲಿ?" ಅವಳು ಹಿಂದೆ ತಿರುಗಿ, ತಾನು ಇಳಿದು ಬಂದ ಮೆಟ್ಟಿಲನ್ನು ಹೊಸದಾಗಿ ಎಂಬಂತೆ ನೋಡಿದಳು. "ಇಲ್ಲಿ ಹುಟ್ಟಿದವರೇ ಬಿಟ್ಟು ಓಡ್ಯಾರ, ನೀವು ಹುಡುಕ್ಕೊಂಡು ಬಂದೀರಿ. ತಲಿ ನೆಟ್ಟಗ ಐತಿಲ್ಲೋ?"

ಅವಳ ಹೆಸರು ಹಮಸಾಕಿ. ಆ ಓಣಿಯ ನಿವಾಸಿಗಳ ಸಂಘಕ್ಕೆ ಅವಳೇ ಮುಖ್ಯಸ್ಥೆ. ಬೈಯುತ್ತಲೇ ನಮ್ಮನ್ನು ಮೇಲಕ್ಕೆ ಕರೆದುಕೊಂಡು ಹೋದಳು. ಈ ಮನೆಯವನು ಫುಕುಓಕಾದಲ್ಲಿ ಇದ್ದಾನೆ, ಫೋನ್ ಎತ್ತುವುದಿಲ್ಲ. ಆ ಮನೆಗೆ ವಾರಸುದಾರರೇ ಇಲ್ಲ. ಈ ಕಡೆಯದು ತನ್ನದು, ನಾದಿನಿ ಇದ್ದ ಮನೆ, ಅವಳು ಹೋದ ಮೇಲೆ ಬೀಗ ಹಾಕಿದ್ದು. ಬೀಗ ತೆಗೆದಳು. ಎರಡು ಕೋಣೆ, ಚಾಪೆ ಹಾಸಿದ ನೆಲ, ಅಡುಗೆಗೆ ಒಂದು ಮೂಲೆ. ಕಿಟಕಿಯ ಹಲಗೆ ಸರಿಸಿದಾಗ ಇಡೀ ಬಂದರು ಕೆಳಗೆ ಕಾಣಿಸಿತು. ದೀದಿ ಕಿಟಕಿಯ ಹತ್ತಿರವೂ ಹೋಗಲಿಲ್ಲ. ಗೋಡೆಗೆ ಬಡಿದು ನೋಡಿದಳು, ನಲ್ಲಿ ತಿರುಗಿಸಿದಳು, ಚಾಪೆಯ ಮೇಲೆ ಉದ್ದಕ್ಕೆ ಮಲಗಿ ಕೈಕಾಲು ಚಾಚಿದಳು.

"ಕಾಲು ಗೋಡೆಗೆ ತಾಗಲ್ಲ," ಎಂದಳು. "ಇದೇ ಆಗಲಿ."

"ಆಗಲಿ ಅನ್ನಾಕ ನೀ ಯಾರವ್ವ," ಎಂದಳು ಹಮಸಾಕಿ ಅಜ್ಜಿ, ಆದರೆ ಬಾಯಿಯ ಮೂಲೆಯಲ್ಲಿ ನಗುವಿತ್ತು. "ಬಟ್ಟಿ ಒಗಿಯೋ ಮಶೀನು, ಫ್ರಿಜ್ಜು, ಯಾರೂ ಮ್ಯಾಲ ಹೊತ್ತು ತರಂಗಿಲ್ಲ. ಸಾಮಾನು ಸಾಗಿಸೋರು ಮೆಟ್ಟಲ ನೋಡಿ ಫೋನ್ ಇಟ್ಟಬಿಡ್ತಾರ."

"ನಾನು ಹೊರ್ತೀನಿ."

ಅಜ್ಜಿ ಅವಳ ತೋಳುಗಳನ್ನು ನೋಡಿದಳು. "ನಿಮ್ಮ ದೇಶದಾಗ ಏನ್ ಕೆಲಸ ಮಾಡ್ತಿದ್ದಿ?"

ಇದು ನಾವು ಮೊದಲ ಪಾಠದಲ್ಲೇ ಕಲಿತ ಪ್ರಶ್ನೆ. ದೀದಿ ನನ್ನ ಸಹಾಯವಿಲ್ಲದೆ, ಎದ್ದು ಕೂತು, ತಪ್ಪಿಲ್ಲದೆ ಹೇಳಿದಳು: "ನಾನು ಬಸ್ ಚಾಲಕಿ."

ಅಜ್ಜಿ ಕೈಯಲ್ಲಿದ್ದ ಬೀಗವನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. "ಬರೋ ಐತವಾರ ಬರ್ರಿ. ಸಂಘದವರ ಮುಂದ ಕೂಡೋಣ," ಎಂದಳು.

ಮುಂದಿನ ಭಾನುವಾರ ನಾವು ಹೋದಾಗ ಸಂಘದ ಕೋಣೆಯ ಹೊರಗೆ ಚಪ್ಪಲಿಗಳ ಸಾಲೇ ಇತ್ತು. ನಾನು ನಿರೀಕ್ಷಿಸಿದ್ದು ನಾಲ್ಕೈದು ಜನರನ್ನು. ಒಳಗೆ ಓಣಿಗೆ ಓಣಿಯೇ ಬಂದು ಕೂತಿತ್ತು. ಅಜ್ಜಂದಿರು ಕೋಟು ಹಾಕಿದ್ದರು, ಅಜ್ಜಿಯರು ತುಟಿಗೆ ಬಣ್ಣ ಹಚ್ಚಿದ್ದರು. ಮೇಜಿನ ಮೇಲೆ ಮೂಲಂಗಿ ಉಪ್ಪಿನಕಾಯಿ, ಕಾಸುತೆರಾ ಕೇಕು, ಚಹಾ. ನಮಗಾಗಿ ಎರಡು ದಪ್ಪ ದಿಂಬು ಇಟ್ಟಿದ್ದರು, ಅದೂ ಎದುರಿನ ಸಾಲಿನಲ್ಲಿ. ಇಷ್ಟೊಂದು ಉಪಚಾರ ಯಾಕೆಂದು ನನಗೆ ಹೊಳೆಯಲಿಲ್ಲ. ಗೋಡೆಯ ಮೇಲೆ ಬಸ್ ಕಂಪನಿಯ ಒಂದು ಪ್ರಕಟಣೆ ಅಂಟಿಸಿದ್ದು ಕಂಡಿತು. ಓದಿದೆ. ಚಾಲಕರ ಕೊರತೆಯಿಂದಾಗಿ ಈ ಗುಡ್ಡದ ಬಸ್ಸನ್ನು ಬರುವ ಅಕ್ಟೋಬರದಿಂದ ನಿಲ್ಲಿಸಲು ಯೋಚಿಸಲಾಗಿದೆ, ನಿವಾಸಿಗಳು ದಯವಿಟ್ಟು ಅರ್ಥಮಾಡಿಕೊಳ್ಳಬೇಕು.

ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಮಾಡಿ ನಿವೃತ್ತರಾದ ಇವಾನಗಾ ತೆತ್ಸುಓ ಎಂಬ ಎತ್ತರದ ಅಜ್ಜ ಎದ್ದು ನಿಂತರು. ಬರೆದುಕೊಂಡು ಬಂದವರಂತೆ ಮಾತಾಡಿದರು. ಈ ಬಸ್ಸು ನಿಂತರೆ ಆಸ್ಪತ್ರೆಗೆ ಹೋಗುವುದು ಹೇಗೆ, ಅಕ್ಕಿ ತರುವುದು ಹೇಗೆ ಎಂದು ಎಲ್ಲರಿಗೂ ನಿದ್ದೆ ಹತ್ತಿರಲಿಲ್ಲ. ಕಂಪನಿಗೆ ಎಷ್ಟು ಸಲ ಹೋಗಿ ಕೇಳಿದರೂ ಚಾಲಕರಿಲ್ಲ, ಯೋಚಿಸುತ್ತೇವೆ ಎಂಬ ಒಂದೇ ಉತ್ತರ.

"ಈಗ ಚಾಲಕಿ ತಾನಾಗಿ ನಮ್ಮ ಮೆಟ್ಟಲ ಹತ್ತಿ ಬಂದಾರ," ಎಂದರು ಇವಾನಗಾ. "ಮನಿ ಬಾಡಿಗಿ ಬ್ಯಾಡ. ಮುಂಗಡ ಬ್ಯಾಡ. ಸಾಮಾನು ನಾವೆಲ್ಲ ಸೇರಿ ಹೊತ್ತು ತರ್ತೀವಿ. ಇವರು ಈ ದಾರಿ ಬಸ್ಸು ಓಡಸ್ತೀನಿ ಅಂತ ಒಂದ್ ಮಾತು ಕೊಟ್ರ ಸಾಕು. ಕಂಪನಿಗೆ ನಾವ್ ಹೇಳ್ತೀವಿ."

ಎಲ್ಲರೂ ನಮ್ಮ ಕಡೆ ತಿರುಗಿ ತಲೆಬಾಗಿದರು. ನನ್ನ ಎದೆ ಹಗುರಾಯಿತು. ಬಾಡಿಗೆ ಇಲ್ಲದ ಮನೆ, ಕಾಲು ಚಾಚುವಷ್ಟು ಜಾಗ. ನಾನು ಸಂತೋಷದಿಂದ ದೀದಿಯ ಕಿವಿಯಲ್ಲಿ ಎಲ್ಲವನ್ನೂ ಸುಲಭದ ಜಪಾನಿಯಲ್ಲಿ ಹೇಳಿದೆ. ಅವಳು ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟಳು.

"ನಾನು ಈಗ ಓಡ್ಸಕ್ಕಾಗಲ್ಲ ಅಂತ ಇವರಿಗೆ ಗೊತ್ತಿಲ್ವಾ?"

"ಇಲ್ಲ ಅನ್ಸುತ್ತೆ."

"ಹೇಳು ಅವರಿಗೆ."

ನಾನು ಸುತ್ತಲೂ ನೋಡಿದೆ. ಆ ಬಣ್ಣ ಹಚ್ಚಿದ ತುಟಿಗಳು, ಆ ಕೋಟುಗಳು. "ದೀದಿ, ಇವತ್ತು ಸುಮ್ನಿರೋಣ. ಮೊದಲು ಮನೆಗೆ ಬಂದುಬಿಡೋಣ. ನೀವು ಹೇಗೂ ಚಾಲಕಿ ಆಗೋರೇ ತಾನೆ. ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು."

ಅವಳು ನನ್ನನ್ನು ಬೈಯಲಿಲ್ಲ. ಮಂಡಿಯ ಮೇಲೆ ಕೈಯೂರಿ ಎದ್ದು ನಿಂತಳು. ಅವಳಿಗೆ ಬರುತ್ತಿದ್ದುದು ನಮ್ಮ ಪಠ್ಯಪುಸ್ತಕದ ಭಾಷೆ ಮಾತ್ರ. ಅದರಲ್ಲೇ, ತರಗತಿಯಲ್ಲಿ ಪಾಠ ಒಪ್ಪಿಸುವವಳಂತೆ, ಒಂದೊಂದೇ ವಾಕ್ಯ ನಿಲ್ಲಿಸಿ ಹೇಳಿದಳು.

"ನಾನು ನನ್ನ ದೇಶದಲ್ಲಿ ಚಾಲಕಿಯಾಗಿದ್ದೆ. ಇಲ್ಲಿ ನಾನು ವಿದ್ಯಾರ್ಥಿನಿ. ನನ್ನ ಬಳಿ ಲೈಸೆನ್ಸ್ ಇಲ್ಲ. ಪರೀಕ್ಷೆಗಳಿವೆ. ಎರಡು ವರ್ಷ ಆಗಬಹುದು. ನಾನು ತೇರ್ಗಡೆಯಾಗುತ್ತೇನೆ ಎಂದು ನಂಬಿದ್ದೇನೆ. ಆದರೆ ಕಂಪನಿ ನನಗೆ ಯಾವ ದಾರಿ ಕೊಡುತ್ತದೆಯೋ ನನಗೆ ಗೊತ್ತಿಲ್ಲ. ಆದ್ದರಿಂದ ದಯವಿಟ್ಟು ಮನೆಯನ್ನು ಸುಮ್ಮನೆ ಕೊಡಬೇಡಿ. ಬಾಡಿಗೆಗೆ ಕೊಡಿ. ಬಾಡಿಗೆಯ ಮಾತನ್ನು ನಾನು ಕೊಡಬಲ್ಲೆ."

ಹಿಂದಿನ ಸಾಲಿನ ಒಬ್ಬ ಅಜ್ಜಿ ಪಕ್ಕದವಳಿಗೆ, "ಹಂಗಾದ್ರ ಅಕ್ಟೋಬರಕ್ಕ ಓಡಸಂಗಿಲ್ಲೇನು?" ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಇವಾನಗಾ ಅಜ್ಜನ ಮುಖ ಕೆಂಪಾಗಿತ್ತು. "ಮತ್ಯಾಕ ಚಾಲಕಿ ಅಂತ ಹೇಳಿದ್ರು?"

"ಅವರು ಹೇಳಿಲ್ಲ. ನಾ ಕೇಳಿದ್ದಕ್ಕ ಉತ್ತರ ಕೊಟ್ರು," ಎಂದಳು ಹಮಸಾಕಿ ಅಜ್ಜಿ ಕೂತಲ್ಲಿಂದಲೇ. "ಬಸ್ಸು ಓಡಸಾಕ ಬಂದಾರ ಅಂತ ಓಣಿ ತುಂಬ ಸಾರಿದಾಕಿ ನಾನು. ಬೈಯೋದಿದ್ರ ನನ್ನ ಬೈ, ತೆತ್ಸುಓ."

ಅವಳನ್ನು ಯಾರೂ ಬೈಯಲಿಲ್ಲ. ಯೋಚಿಸಿ ತಿಳಿಸುತ್ತೇವೆ ಎಂದು ಸಭೆ ಮುಗಿಸಿದರು. ಜಪಾನಿನಲ್ಲಿ ಆರು ತಿಂಗಳು ಇದ್ದವರಿಗೆ ಆ ಮಾತಿನ ಅರ್ಥ ಗೊತ್ತಿರುತ್ತದೆ.

ಇಳಿಯುವ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅರ್ಧ ದಾರಿ ಇಳಿದ ಮೇಲೆ ತಡೆಯಲಾಗಲಿಲ್ಲ. "ಒಂದು ವಾರ ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತು? ಈಗ ಮಾರ್ಚ್ ಕೊನೆಗೆ ಎಲ್ಲಿಗೆ ಹೋಗೋದು? ನಿಮ್ಮ ಖೋವ್ದ್‌ಗಾ?"

"ಖೋವ್ದ್ ಚೆನ್ನಾಗಿದೆ. ಕಲ್ಲಂಗಡಿ ಸಿಗುತ್ತೆ."

"ನಾನು ತಮಾಷೆ ಮಾಡ್ತಿಲ್ಲ."

"ನಾನೂ ಮಾಡ್ತಿಲ್ಲ." ಅವಳು ಚಾಲಕನ ಕೈಯಿಂದ ಕಣ್ಣು ತೆಗೆಯದೆ ಮಾತಾಡಿದಳು. "ಕೇಳು. ನಮ್ಮ ಕಡೆ ಹೊಳೆ ಉಕ್ಕಿರುತ್ತೆ, ಸೇತುವೆ ಇರಲ್ಲ. ಜನ ಬಸ್ ಹತ್ತುವಾಗ ಕೇಳ್ತಾರೆ, ನಾಳೆ ಮಧ್ಯಾಹ್ನಕ್ಕೆ ಸೇರ್ತೀವಾ ಅಂತ. ಒಬ್ಬಳು ಬಸುರಿ ಇರ್ತಾಳೆ, ಒಬ್ಬನ ಅಪ್ಪ ಸಾಯ್ತಾ ಇರ್ತಾನೆ. ಸೇರ್ತೀವಿ ಅಂದುಬಿಡೋದು ಬಹಳ ಸುಲಭ. ನನ್ನ ಜೊತೆಗಿದ್ದ ಚಾಲಕ ಹಾಗೇ ಅಂತಿದ್ದ. ಹೊಳೆ ದಡದಲ್ಲಿ ನಿಂತಾಗ ಆ ಜನರ ಮುಖ ನೋಡ್ತಿದ್ದವಳು ನಾನು. ಈ ಮುದುಕರ ಮುಖ ಅಕ್ಟೋಬರಲ್ಲಿ ದಿನಾ ನೋಡ್ಬೇಕು ಅಂದ್ರೆ ಆ ಮನೆಯಲ್ಲಿ ನನಗೆ ನಿದ್ದೆ ಬರಲ್ಲ. ನೀನು ಮಲಗ್ತೀಯೇನೋ, ನಿನ್ನ ಕೈಲಿ ಸಾಧ್ಯ. ಮಂಚ ಮುರಿದರೂ ಏಳೋಳಲ್ಲ ನೀನು."

ನನಗೆ ನಗು ಬಂತು; ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಮನೆ ಹೋಗಿಲ್ಲ," ಎಂದಳು ಅವಳು. "ಆ ಅಜ್ಜಿ ಬೀಗದ ಕೈಯನ್ನ ಏಪ್ರನ್ ಜೇಬಲ್ಲೇ ಇಟ್ಕೊಂಡಿದ್ಳು. ಕೊಡೋ ಮನಸ್ಸಿಲ್ಲದೋರು ಸಭೆಗೆ ಬೀಗದ ಕೈ ತರಲ್ಲ."

ಅವಳ ಮಾತನ್ನು ನಾನು ನಂಬಲಿಲ್ಲ. ಮರುದಿನದಿಂದಲೇ ತರಗತಿ ಮುಗಿಸಿ ಮತ್ತೆ ಏಜೆಂಟರ ಅಂಗಡಿಗಳಿಗೆ ಅಲೆದೆ. ದೀದಿಯೂ ಬರುತ್ತಿದ್ದಳು, ಚಹಾ ಕುಡಿಯುತ್ತಿದ್ದಳು, "ಸ್ವಲ್ಪ ಕಷ್ಟ" ಎಂದು ಅವರಿಗಿಂತ ಮೊದಲೇ ತಾನೇ ಹೇಳಿ ಅವರನ್ನು ನಗಿಸುತ್ತಿದ್ದಳು. ಕೋಣೆಯ ವಿಯೆಟ್ನಾಮಿ ಹುಡುಗಿಯರಿಗೆ ಅವರ ಊರಿನವರ ಮನೆಯೊಂದರಲ್ಲಿ ಜಾಗ ಸಿಕ್ಕಿ, ಅವರು ಪೆಟ್ಟಿಗೆ ಕಟ್ಟತೊಡಗಿದರು.

ಒಂದು ಮಧ್ಯಾಹ್ನ ನಾವು ಕಾಂಜಿ ಅಕ್ಷರ ಬರೆಯುತ್ತಿದ್ದಾಗ ಕುಸುಮೊತೊ-ಸಾನ್ ತರಗತಿಯ ಬಾಗಿಲಿಗೆ ಬಂದು, ಯಾರೋ ನಮ್ಮಿಬ್ಬರನ್ನು ಕೇಳಿಕೊಂಡು ಬಂದಿದ್ದಾರೆ ಎಂದರು. ಕಚೇರಿಗೆ ಹೋದೆವು. ಹಮಸಾಕಿ ಅಜ್ಜಿ ಕುರ್ಚಿಯ ತುದಿಯಲ್ಲಿ, ನೀಲಿ ಕೋಟು ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಏಪ್ರನ್ ಇಲ್ಲದೆ ಅವಳನ್ನು ನಾನು ತಕ್ಷಣ ಗುರುತಿಸಲಿಲ್ಲ.

"ನಿಮ್ಮ ಸಾಲಿ ಭಾಳ ತಗ್ಗಿನ್ಯಾಗ ಐತಿ," ಎಂಬುದು ಅವಳ ಮೊದಲ ಮಾತು. ಆಮೇಲೆ ದೀದಿಯ ಕಡೆ ತಿರುಗಿದಳು. "ಬಾಡಿಗಿ ಕೊಡ್ತೀನಿ ಅಂದಿ. ನೆನಪೈತಿಲ್ಲೋ?"

"ಇದೆ."

"ಹಂಗಾದ್ರ ಕೇಳು. ಕಸ ಹಾಕೋ ದಿನ ತಪ್ಪಂಗಿಲ್ಲ. ಮೆಟ್ಟಲ ಕಸಬರಿಗಿ ಸರದಿ ಮ್ಯಾಲ ಬರ್ತದ, ಮಳಿ ಇರಲಿ, ಪರೀಕ್ಷೆ ಇರಲಿ. ಬೆಕ್ಕಿಗೆ ಊಟ ಹಾಕಬ್ಯಾಡ್ರಿ, ಹಾಕಿದ್ರ ಹಾಕಿದ್ದು ನಂಗ ಕಾಣಬಾರದು. ಕುರಿ ಮಾಂಸ ಕುದಸ್ತಾರ, ನಾತ ಬರ್ತದ ಅಂತ ಒಬ್ಬಾಕಿ ಹೇಳ್ಯಾಳ. ಕುದಸ್ತೀರೇನು?"

"ಸಿಕ್ಕಿದರೆ ಕುದಿಸುತ್ತೇವೆ," ಎಂದಳು ದೀದಿ ಪುಸ್ತಕದ ಭಾಷೆಯಲ್ಲಿ.

"ಕುದಸಿದಾಗ ಆಕೀಗೂ ಒಂದ್ ಬಟ್ಟಲ ಕೊಡ್ರಿ. ಬಾಯಿ ಮುಚ್ತದ."

"ಸಂಘದವರು ಒಪ್ಪಿದ್ರಾ ಅಜ್ಜಿ?" ಎಂದು ಕೇಳಿದೆ.

"ಮೂರು ಮಂದಿ ಬ್ಯಾಡ ಅಂದ್ರು. ಅದರಾಗ ತೆತ್ಸುಓ ಒಬ್ಬ. ಅವ ನನ್ನ ಮದವೀಗೂ ಬ್ಯಾಡ ಅಂದಿದ್ದ, ಬಸ್ಸು ಬರೂಮುಂದ ರಸ್ತಾ ಬ್ಯಾಡ ಅಂದಿದ್ದ. ಉಳಿದವರು ಮನಿ ನಿಂದು, ನಿನ್ನಿಚ್ಛಾ ಅಂದ್ರು." ಅವಳು ಕೈಚೀಲದ ಹಿಡಿಯನ್ನು ಸರಿಮಾಡಿಕೊಂಡಳು. "ಬಸ್ ಕಂಪನಿಯವರು ನಮಗ ಎರಡು ವರ್ಷದಿಂದ ಯೋಚನಿ ಮಾಡ್ತೀವಿ, ಯೋಚನಿ ಮಾಡ್ತೀವಿ ಅಂತಾರ. ನಗರಸಭೆಯವರೂ ಹಂಗ. ಈಕಿ ನಿಂತು, ಆಗಂಗಿಲ್ಲ ಅಂತ ಮಾರಿಗೆ ಹೇಳಿದ್ಲು. ಮನೀಗ್ ಬಂದು ನಾ ಒಬ್ಬಾಕಿನ ಕೂತು ನಕ್ಕೆ. ಯಾಕಂತ ಕೇಳಬ್ಯಾಡ್ರಿ, ನಂಗೂ ಗೊತ್ತಿಲ್ಲ."

ಕುಸುಮೊತೊ-ಸಾನ್ ಮೆಲ್ಲಗೆ ನಡುವೆ ಬಂದು, ಜಾಮೀನಿಗೆ ಯಾರು, ಜಾಮೀನು ಕಂಪನಿಯ ಕಾಗದ ಬೇಕಲ್ಲವೇ ಎಂದರು. ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಮನಿ ನಂದು. ನಂಗ ನಾ ಯಾರ್ ಜಾಮೀನು ಕೊಡಲಿ?"

ಮಾರ್ಚ್ ಕೊನೆಯ ವಾರ ನಾವು ಮನೆ ಬದಲಿಸಿದೆವು. ಬಟ್ಟೆ ಒಗೆಯುವ ಯಂತ್ರವನ್ನು ನನ್ನ ಹೋಟೆಲಿನ ಅಡುಗೆಯವರೊಬ್ಬರು ಕೊಟ್ಟಿದ್ದರು, ಹಳೆಯದು, ಆದರೆ ತಿರುಗುತ್ತಿತ್ತು. ಅದನ್ನು ಕೊನೆಯ ನಿಲ್ದಾಣದವರೆಗೆ ಪರಿಚಯದ ವ್ಯಾನಿನಲ್ಲಿ ತಂದು ಇಳಿಸಿದೆವು. ದೀದಿ ಹಗ್ಗ ಬಿಗಿದು ಬೆನ್ನಿಗೆ ಏರಿಸಿಕೊಂಡಳು. ಹಿಂದಿನಿಂದ ನಾನು ಮತ್ತು ನನ್ನ ತರಗತಿಯ ಇಬ್ಬರು ನೇಪಾಳಿ ಹುಡುಗರು ಎತ್ತಿ ಹಿಡಿದೆವು. ಕೆಲವು ಮೆಟ್ಟಿಲು ಹತ್ತಿದ ಮೇಲೆ ಯಂತ್ರ ಒಂದು ಕಡೆ ವಾಲತೊಡಗಿತು.

"ಗಂಟು ತಪ್ಪೈತಿ," ಎಂಬ ದನಿ ಕೇಳಿಸಿತು. ಇವಾನಗಾ ಅಜ್ಜ ತಮ್ಮ ಮನೆಯ ಮುಂದೆ ಕೈಕಟ್ಟಿ ನಿಂತಿದ್ದರು. "ಹಡಗಿನ ಮ್ಯಾಲ ಹಿಂಗ ಕಟ್ಟಿದ್ರ ಸಮುದ್ರಕ್ಕ ಬೀಳ್ತಿತ್ತು."

"ಇದು ಹಡಗಲ್ಲ, ಅಜ್ಜ," ಎಂದೆ ನಾನು ಏದುಸಿರಿನಲ್ಲಿ.

"ಕಾಣ್ತದ."

ಅವರು ಒಳಗೆ ಹೋದರು. ಬಾಗಿಲು ಹಾಕಿಕೊಂಡರೆಂದು ಎಣಿಸಿದೆ. ಆದರೆ ಬೆನ್ನಿಗೆ ಹೊರೆ ಕಟ್ಟುವ ಒಂದು ಮರದ ಚೌಕಟ್ಟು ಹಿಡಿದುಕೊಂಡು ಬಂದು, ಯಂತ್ರವನ್ನು ಇಳಿಸಿ, ಅದಕ್ಕೆ ಕಟ್ಟಿ, ಮತ್ತೆ ದೀದಿಯ ಬೆನ್ನಿಗೆ ಏರಿಸಿದರು. ಮೇಲೆ ತಲುಪುವವರೆಗೂ ಹಿಂದೆಯೇ ಬಂದರು. ಎಡಕ್ಕೆ ಸರಿ, ಉಸಿರು ತಗೋ, ಬಾಗಬ್ಯಾಡ ಎಂದು ಗದರುತ್ತಲೇ ಇದ್ದರು. ಮೇಲೆ ಹೋದ ಮೇಲೆ ದೀದಿ ಚಹಾಕ್ಕೆ ಕರೆದಳು.

"ನಾ ಈ ಮಾತಿಗೆ ಒಪ್ಪಿಲ್ಲ ಅನ್ನೂದು ನಿಮಗ ಗೊತ್ತಿರಲಿ," ಎಂದು ಹೇಳಿ, ಚೌಕಟ್ಟು ತೆಗೆದುಕೊಂಡು ಇಳಿದು ಹೋದರು.

ಆ ಮನೆಯಲ್ಲಿ ನಾನು ಒಂದು ವರ್ಷ ಇದ್ದೆ. ಅಕ್ಟೋಬರದಲ್ಲಿ ಬಸ್ಸು ಪೂರ್ತಿ ನಿಲ್ಲಲಿಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಉಳಿಸಿದರು. ಓಣಿಯವರು ಅದಕ್ಕೇ ಹೊಂದಿಕೊಂಡು ಆಸ್ಪತ್ರೆಯ ದಿನಗಳನ್ನು ಗೊತ್ತುಮಾಡಿಕೊಂಡರು. ನನ್ನ ಕೆಲಸಕ್ಕೆ ಆ ಬಸ್ಸು ಸಿಗುತ್ತಿರಲಿಲ್ಲ, ನಸುಕಿನಲ್ಲೇ ಮೆಟ್ಟಿಲಿಳಿದು ನಡೆದು ಹೋಗುತ್ತಿದ್ದೆ. ಬೈದುಕೊಂಡೇ ಇಳಿಯುತ್ತಿದ್ದೆ. ಚಳಿಗಾಲದಲ್ಲಿ ಗೋಡೆಯ ಸಂದಿನಿಂದ ಗಾಳಿ ಬರುತ್ತಿತ್ತು, ಮಳೆಗಾಲದಲ್ಲಿ ಚಾಪೆಗೆ ಬೂಷ್ಟು ಹಿಡಿಯುತ್ತಿತ್ತು. ಆದರೂ ಅಲ್ಲಿ ಬಾಗಿಲು ಹಾಕಿಕೊಂಡರೆ ಅದು ನಮ್ಮ ಬಾಗಿಲು. ದೀದಿ ಒಂದು ದಿನ ಎಲ್ಲಿಂದಲೋ ಕುರಿ ಮಾಂಸ ತಂದು ಕುದಿಸಿದಳು, ನಾತ ಎಂದಿದ್ದ ಆ ಹೆಂಗಸಿಗೆ ಬಟ್ಟಲು ತುಂಬ ಕೊಟ್ಟು ಬಂದಳು. ತೊಳೆದ ಬಟ್ಟಲು ವಾಪಸು ಬಂದಾಗ ಅದರಲ್ಲಿ ಬೇಯಿಸಿದ ಸಿಹಿಕುಂಬಳ ಇತ್ತು.

ಭಾಷೆಯ ಪರೀಕ್ಷೆಯಲ್ಲಿ ಅವಳು ಮೊದಲ ಸಲ ನಪಾಸಾದಳು, ಎರಡನೆಯ ಸಲ ಪಾಸಾದಳು. ಲೈಸೆನ್ಸಿನ ಪರೀಕ್ಷೆ ಅದಕ್ಕಿಂತ ಗೋಳು. ಬಯಲಿನಲ್ಲಿ ಓಡಿಸಿದ ಕೈ. ಇಕ್ಕಟ್ಟಿನ ತಿರುವಿನಲ್ಲಿ ಅಗಲಕ್ಕೆ ಹೋಗಿ ಗೆರೆ ದಾಟಿಬಿಡುತ್ತಿತ್ತು. ಪ್ರತಿ ಸಲ ಬಿದ್ದು ಬಂದಾಗಲೂ, "ಇವತ್ತು ಆ ಪರೀಕ್ಷಕನಿಗೆ ತಲೆನೋವಿತ್ತು," ಎನ್ನುತ್ತಿದ್ದಳು. ಆಮೇಲೆ ಮೆಟ್ಟಿಲ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಕೈಯಲ್ಲಿ ಪಾತ್ರೆಯ ಮುಚ್ಚಳ ಹಿಡಿದು ತಿರುಗಿಸುತ್ತಾ ತಿರುವು ಅಭ್ಯಾಸ ಮಾಡುತ್ತಿದ್ದಳು. ಓಣಿಯ ಅಜ್ಜಿಯರು ನಿಂತು ನೋಡಿ, "ಈಗ ಗ್ವಾಡಿಗೆ ಹಾಯ್ದಿ," ಎಂದು ತೀರ್ಪು ಕೊಡುತ್ತಿದ್ದರು. ನಾನು ಓದು ಮುಗಿಸಿ ಒಸಾಕಾದ ಕಾಲೇಜಿಗೆ ಹೊರಟಾಗ ಅವಳು ಇನ್ನೂ ಗೆರೆ ದಾಟುತ್ತಲೇ ಇದ್ದಳು.

ಕಳೆದ ಶರತ್ಕಾಲದಲ್ಲಿ ಮೂರು ದಿನ ರಜೆ ಸಿಕ್ಕಿತು, ನಾಗಸಾಕಿಗೆ ಹೋದೆ. ಅಷ್ಟರಲ್ಲಿ ಲೈಸೆನ್ಸ್ ಪಡೆದಿದ್ದ ದೀದಿ ಬಂದರಿನ ದಾರಿಯ ಬಸ್ಸು ಓಡಿಸುತ್ತಿದ್ದಳು. ಗುಡ್ಡದ ದಾರಿಯನ್ನು ಕಂಪನಿ ಅವಳಿಗೆ ಕೊಟ್ಟಿರಲಿಲ್ಲ. ಅರ್ಜಿ ಹಾಕಿದ್ದಾಳೆ, ನೋಡೋಣ ಎಂದಿದ್ದಾರಂತೆ. ಹಮಸಾಕಿ ಅಜ್ಜಿ ವಾರಕ್ಕೊಮ್ಮೆ ಕೆಲಸವಿಲ್ಲದಿದ್ದರೂ ಇಳಿದು ಬಂದು ಬಂದರಿನ ಬಸ್ಸು ಹತ್ತಿ, ಮುಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಹಾಕಿ, ಬ್ರೇಕು ಜೋರಾಯಿತು ಎಂದು ದೂರು ಹೇಳಿ ಹೋಗುತ್ತಾಳೆ.

ನಾನು ಬರುತ್ತಿರುವ ವಿಷಯ ದೀದಿಗೆ ತಿಳಿಸಿರಲಿಲ್ಲ. ರೈಲು ನಿಲ್ದಾಣದ ಮುಂದೆ ಅವಳ ಬಸ್ಸಿಗೆ ಕಾದು ನಿಂತೆ. ಬಸ್ಸು ಬಂತು, ಗೆರೆಗೆ ಸರಿಯಾಗಿ ನಿಂತಿತು. ಟೊಪ್ಪಿ, ಬಿಳಿ ಕೈಗವಸು, ಕುತ್ತಿಗೆಯವರೆಗೆ ಗುಂಡಿ ಹಾಕಿದ ಅಂಗಿ. ಹತ್ತಿದೆ. ಅವಳು ತಿರುಗಲಿಲ್ಲ. ಕನ್ನಡಿಯಲ್ಲಿ ಒಂದು ಕ್ಷಣ ಅವಳ ಕಣ್ಣು ನನ್ನ ಮೇಲೆ ನಿಂತಿತು, ಮತ್ತೆ ರಸ್ತೆಗೆ ಹೋಯಿತು. "ಹೊರಡುತ್ತಿದ್ದೇವೆ, ದಯವಿಟ್ಟು ಹಿಡಿದುಕೊಳ್ಳಿ," ಎಂದು ಧ್ವನಿವರ್ಧಕದಲ್ಲಿ ಹೇಳಿದಳು. ಅದೇ ಪುಸ್ತಕದ ಭಾಷೆ, ಆದರೆ ಈಗ ಅದರಲ್ಲಿ ತಡವರಿಕೆ ಇರಲಿಲ್ಲ.

ನಾನು ಅವಳ ಹಿಂದಿನ ಸೀಟಿನಲ್ಲಿ ಕೂತೆ. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಅವಳು ಇಂಜಿನ್ ಆರಿಸಿ, ಕೈಗವಸು ಬಿಚ್ಚಿ, ಒಂದರ ಮೇಲೊಂದಿಟ್ಟು, ಆಮೇಲೆ ತಿರುಗಿದಳು.

"ಸಣ್ಣಗಾಗಿದ್ದೀಯ," ಎಂದಳು. "ಒಸಾಕಾದಲ್ಲಿ ಅನ್ನ ಸಿಗಲ್ವಾ? ನನಗೆ ಇನ್ನೊಂದು ಸುತ್ತು ಇದೆ. ಇಲ್ಲೇ ಕೂತಿರು, ಆಮೇಲೆ ಊಟಕ್ಕೆ ಹೋಗೋಣ."